ಗಂಗವ್ವನ ಹಾಲಿ ಸಿಕ್ಕ

ಡಾಲಸ್ ಪಕ್ಕದ ಕಾಪೆಲ್‌ನಲ್ಲಿ ಗಂಗವ್ವ ಎಂದರೆ ರೊಟ್ಟಿ. ಎಂಬತ್ನಾಲ್ಕು ವಯಸ್ಸು, ಮಗಳು ಶಕುಂತಲಾ ಆಂಟಿಯ ಮನೆಯಲ್ಲಿ ಇಪ್ಪತ್ತು ವರ್ಷದ ವಾಸ. ಕನ್ನಡ ಸಂಘದ ಯಾವ ಹಬ್ಬವಿದ್ದರೂ ಇವರಿಗೆ ಫೋನ್ ಬರುತ್ತದೆ. ಸಂಘದವರು ಎಷ್ಟು ರೊಟ್ಟಿ ಬೇಕೆಂದು ಹೇಳಿ ಇಟ್ಟುಬಿಡುತ್ತಾರೆ. ನಾನು ಅದೇ ಮನೆಯ ಮಹಡಿ ಕೋಣೆಯ ಬಾಡಿಗೆದಾರ. ಇರ್ವಿಂಗ್‌ನ ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕಿ ಸಂಬಳ ಪಡೆಯುತ್ತೇನೆ. ನನ್ನ ತಪ್ಪುಗಳನ್ನು ಗಂಗವ್ವ ಸಂಬಳವಿಲ್ಲದೆ ಹುಡುಕುತ್ತಾರೆ.

ಟೆಕ್ಸಾಸ್ ಕನ್ನಡ ಸಂಘಗಳ ಚರ್ಚಾಸ್ಪರ್ಧೆಯಲ್ಲಿ ಡಾಲಸ್ ಆರು ವರ್ಷದಿಂದ ಹ್ಯೂಸ್ಟನ್ ಎದುರು ಸೋಲುತ್ತಲೇ ಬಂದಿದೆ. ತಂಡದಲ್ಲಿ ಇಬ್ಬರಿರಬೇಕು, ಒಬ್ಬರು ಅರವತ್ತು ದಾಟಿರಬೇಕು. ಕಿರಿಯರು ವಿಷಯ ಮಂಡಿಸಬೇಕು, ಹಿರಿಯರು ಎದುರಾಳಿಯ ಪ್ರಶ್ನೆಗೆ ಉತ್ತರ ಕೊಡಬೇಕು. ಈ ಸಲದ ವಿಷಯ, ನೆರೆಹೊರೆಯ ದೇಶಗಳಿಗೆ ಒಂದೇ ನಾಣ್ಯ ಬೇಕೋ, ಅವರವರದು ಅವರವರಿಗೋ ಎಂಬುದು. ನನ್ನ ಜೊತೆಗಾರರಾಗಿದ್ದ ನಿವೃತ್ತ ಪ್ರೊಫೆಸರ್ ವೆಂಕಟಗಿರಿ ಅಂಕಲ್ ಎರಡು ದಿನ ಮೊದಲು ಗಂಟಲು ಕಟ್ಟಿ ಮಲಗಿದರು.

"ನಾ ಬರ್ತೀನಿ" ಎಂದರು ಗಂಗವ್ವ, ರೊಟ್ಟಿ ತಟ್ಟುತ್ತಲೇ.

"ಅಜ್ಜಿ, ಇದು ಎಕನಾಮಿಕ್ಸು."

"ಇರ್ಲಿ. ನಾನೂ ನಾಕನೇತ್ತ ಪಾಸಾಗೀನಿ. ಇಪ್ಪತ್ತು ವರ್ಷ ಆ ಸ್ಟೇಜಿನ ಹಿಂದ ನಿಂತು ರೊಟ್ಟಿ ಬಡದೀನಿ, ತಮ್ಮಾ. ಒಮ್ಮೆರ ಮುಂದ ನಿಂದರಬೇಕು."

ಸಂಘದ ಕಾರ್ಯದರ್ಶಿ ಪ್ರಹ್ಲಾದ್ ಅಂಕಲ್‌ಗೆ ಫೋನ್ ಮಾಡಿ ಹೇಳಿದೆ. ಅವರು, "ಆಗ್ಲಿ. ರೊಟ್ಟೀನೂ ತರ್ತಾರೆ ತಾನೇ?" ಎಂದರು.

ಸ್ಪರ್ಧೆ ಆಸ್ಟಿನ್‌ನಲ್ಲಿ, ತೀರ್ಪುಗಾರರೂ ಅಲ್ಲಿಯವರೇ. ದಾರಿಯುದ್ದಕ್ಕೂ ನಾನು ಒಂದೇ ನಾಣ್ಯದ ಪರವಾಗಿ ಹದಿನಾಲ್ಕು ಅಂಶಗಳನ್ನು ಬಾಯಿಪಾಠ ಮಾಡಿದೆ. ವೇದಿಕೆ ಹತ್ತಿದ ಮೇಲೆ ಒಂದು ಡಬ್ಬಿ ಮುಂದೆ ಹಿಡಿದರು. ಚೀಟಿ ಎತ್ತಿದೆ: ಸ್ವಂತ ನಾಣ್ಯದ ಪರ. ಒಂದೇ ನಾಣ್ಯ ಹ್ಯೂಸ್ಟನ್ ಪಾಲಿಗೆ ಹೋಯಿತು. ಯಾರು ಯಾವ ಪಕ್ಷವೆಂದು ಚೀಟಿಯಿಂದಲೇ ತೀರ್ಮಾನವೆಂದು ವಾಟ್ಸಾಪ್ ಗುಂಪಿನಲ್ಲಿ ಮೊದಲೇ ಹಾಕಿದ್ದರಂತೆ. ಆ ಗುಂಪನ್ನು ನಾನು ಮ್ಯೂಟ್ ಮಾಡಿ ಎಂಟು ತಿಂಗಳಾಗಿತ್ತು.

ಐದು ನಿಮಿಷದ ಮಾತನ್ನು ಒಂದೂವರೆ ನಿಮಿಷದಲ್ಲಿ ಮುಗಿಸಿದೆ. ಅದರಲ್ಲಿ ಎರಡು ಸಲ ಹ್ಯೂಸ್ಟನ್ ಪರವಾಗಿ ಮಾತನಾಡಿದೆ. ಕೂತಾಗ ಗಂಗವ್ವ ನನ್ನ ಮೊಣಕಾಲು ತಟ್ಟಿ ಎದ್ದರು.

ಪ್ರಶ್ನೆ ಕೇಳಿದವರು ಹ್ಯೂಸ್ಟನ್‌ನ ಹಿರಿಯರು ಚನ್ನವೀರಪ್ಪ, ಬ್ಯಾಂಕಿನಿಂದ ನಿವೃತ್ತರಾದವರು. "ಅಮ್ಮಾ, ಗಡಿ ದಾಟಿದಾಗೆಲ್ಲ ನೋಟು ಬದಲಾಯಿಸಿ ಕಮಿಷನ್ ಕಳ್ಕೊಳ್ಳೋ ಕಷ್ಟ ನಿಮಗೆ ಗೊತ್ತಾ?"

"ನನಗ ಗೊತ್ತಿಲ್ದ ಇನ್ಯಾರಿಗೆ ಗೊತ್ತಿರ್ತದ್ರೀ? ನಮ್ಮೂರು ಆಳಂದದ ಕಡೆ. ಆಗ ನಿಜಾಮರ ರಾಜ್ಯ, ಅವರ ರೊಕ್ಕ ಹಾಲಿ ಸಿಕ್ಕ. ಸೊಲ್ಲಾಪುರಕ್ಕ ಹೋದ್ರ ಇಂಗ್ರೇಜರ ಕಲ್ದಾರ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ. ನಮ್ಮಪ್ಪ ಶೇಂಗಾ ಮಾರಿ ಬರೋವಾಗ ಪ್ರತೀ ಸಲ ರೊಕ್ಕ ಬದಲಿ ಮಾಡೋ ಸರಾಫ ನಡುವ ಕತ್ತರಿ ಹಾಕ್ತಿದ್ದ. ತ್ರಾಸ ಖರೇ ಅದ."

ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ. ಅಜ್ಜಿಯೂ ಹ್ಯೂಸ್ಟನ್ ಸೇರಿದ್ದರು.

"ಮುಂದ ಆ ರಾಜ್ಯ ಹೋತು, ಎಲ್ಲಾ ಕಡೆ ಕಲ್ದಾರ ಒಂದ ಆತು. ನಮ್ಮವ್ವಗ ಏಳು ಹಾಲಿ ಕೂಲಿ ಇದ್ದದ್ದು ಆರು ಕಲ್ದಾರ ಮಾಡಿ ಕೊಟ್ರು. ಲೆಕ್ಕ ಬರೋಬ್ಬರಿ. ಆದ್ರ ಏಳು ಹಾಲಿ ಸೀರಿಗೆ ಅಂಗಡಿಯಾಂವ ಏಳು ಕಲ್ದಾರ ಕೇಳಿದ. ಸರಾಫ ವರ್ಷಕ್ಕ ನಾಕು ಸಲ ಕತ್ತರಿ ಹಾಕ್ತಿದ್ದ. ಇಂವ ದಿನಾ ಹಾಕಿದ."

ಸಭೆ ನಕ್ಕಿತು. ಚನ್ನವೀರಪ್ಪ ಬಿಡಲಿಲ್ಲ. "ಅದು ಅಂಗಡಿಯವನ ತಪ್ಪು, ನಾಣ್ಯದ್ದಲ್ಲ. ಇಲ್ಲೇ ನೋಡಿ, ಡಾಲಸ್‌ಗೂ ಹ್ಯೂಸ್ಟನ್‌ಗೂ ಒಂದೇ ಡಾಲರು. ನಡೀತಾ ಇಲ್ವಾ?"

"ನಡೀತದ್ರೀ. ನಿಮ್ಮೂರಾಗ ಬಿರುಗಾಳಿ ಬಂದು ಮನಿ ಮುಳಗಿದ್ರ ನಮ್ಮ ಟ್ಯಾಕ್ಸಿನ ರೊಕ್ಕಾನೂ ನಿಮಗ ಬರ್ತದ. ಯಾಕಂದ್ರ ಮ್ಯಾಲಿನ ಸರಕಾರ ಒಂದ. ಬ್ಯಾರೆ ದೇಶದವ್ರು ಹಂಗ ಕೊಡ್ತಾರೇನ್ರೀ? ಒಲಿ ಬ್ಯಾರೆ ಇಟ್ಕೊಂಡು ರೊಕ್ಕದ ಡಬ್ಬಿ ಅಷ್ಟ ಒಂದು ಮಾಡಿದ್ರ, ಒಬ್ಬಾಕಿಗೆ ಬರ ಬಂದಾಗ ಇನ್ನೊಬ್ಬಾಕಿ ಮಾರಿ ತಿರುವತಾಳ. ಮೊದಲ ಒಲಿ ಒಂದು ಮಾಡ್ರಿ. ಡಬ್ಬಿ ಮಾತು ಆಮ್ಯಾಲ."

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಚನ್ನವೀರಪ್ಪನವರೇ. ಮೂವರು ತೀರ್ಪುಗಾರರೂ ಡಾಲಸ್ ಎಂದರು. ಏಳನೆಯ ವರ್ಷ ಕಪ್ ನಮ್ಮದಾಯಿತು.

ಪ್ರಹ್ಲಾದ್ ಅಂಕಲ್ ಓಡಿಬಂದು ಕೈಮುಗಿದರು. ಅಭ್ಯಾಸ ಬಿಡಬೇಕಲ್ಲ: "ಗಂಗವ್ವಾ, ಊಟದ ಹೊತ್ತಾಯ್ತು. ರೊಟ್ಟಿ ಸ್ವಲ್ಪ ಬಿಸಿ ಮಾಡಿಕೊಡ್ತೀರಾ?"

ಗಂಗವ್ವ ಕಪ್ಪನ್ನು ಎದೆಗವಚಿಕೊಂಡು ಗದ್ದದಿಂದ ನನ್ನತ್ತ ತೋರಿಸಿದರು. "ರಕ್ಷಿತ್ ಮಾಡ್ತಾನ. ಒಂದೂವರೆ ನಿಮಿಷ ಮಾತಾಡಿ ದಣದಾನ ಪಾಪ, ಆದ್ರೂ ಮಾಡ್ತಾನ."

ನಾನು ವೇದಿಕೆಯ ಹಿಂದೆ ಹೋಗಿ ಒಲೆ ಹಚ್ಚಿ ಹಂಚಿಟ್ಟೆ. ಮೂರನೆಯ ರೊಟ್ಟಿ ಕರಕಲಾಗುವ ಹೊತ್ತಿಗೆ ಪರದೆಯ ಆಚೆಯಿಂದ ಮೈಕಿನಲ್ಲಿ ಗಂಗವ್ವನ ದನಿ ಕೇಳಿಸಿತು. ಹ್ಯೂಸ್ಟನ್‌ನವರು ಇನ್ನೊಂದು ಪ್ರಶ್ನೆ ಕೇಳಿದ್ದರು. ಅಜ್ಜಿ ಇನ್ನೂ ಮುಂದೆಯೇ ನಿಂತಿದ್ದರು.