ನೆಲದಡಿಯ ಮೈನಸ್ ಹತ್ತು

ಬೆಳಗಿನ ಆರು ಗಂಟೆ. ಬಾಗಿಲು ಇನ್ನೂ ಕೂರದ ಹೊಸ ಮನೆಯ ಕೋಣೆಯಲ್ಲಿ ಮಟ್ಟದಕ್ಕ ಮಂಡಿಯೂರಿದ್ದಾರೆ. ಮೂಲೆಯಿಂದ ಒಂದು ಗೋಡೆಗುಂಟ ಮೂರು ಅಡಿ, ಇನ್ನೊಂದರ ಗುಂಟ ನಾಲ್ಕು ಅಡಿ ಗುರುತು ಹಾಕಿ ನಡುವೆ ದಾರ ಹಿಡಿಯುತ್ತಾರೆ. ಸರಿಯಾಗಿ ಐದು ಅಡಿ ಬಂದರೆ ಮೂಲೆ ನೆಟ್ಟಗಿದೆ ಎಂದರ್ಥ.

"ಒಂಬತ್ತು, ಹದಿನಾರು, ಕೂಡಿದ್ರೆ ಇಪ್ಪತ್ತೈದು. ಅದರ ವರ್ಗಮೂಲ ಐದು. ಇಪ್ಪತ್ತು ವರ್ಷದಿಂದ ಮಾಡ್ತಿದೀನಿ, ಅದಕ್ಕೆ ವರ್ಗಮೂಲ ಅಂತಾರೆ ಅನ್ನೋದು ಗೊತ್ತಾಗಿದ್ದು ಹೋದ ವರ್ಷ!"

ನೆಲ ಸಮವಿದೆಯೇ ಎಂದು ನೋಡುವ ರಸಮಟ್ಟವಿಲ್ಲದೆ ಮನೆಯಿಂದ ಹೊರಗೆ ಕಾಲಿಡದ ಈ ಟೈಲ್ಸ್ ಕೆಲಸಗಾರ್ತಿಗೆ ಮಟ್ಟದಕ್ಕ ಎಂಬುದು ಅಡ್ಡಹೆಸರು. ಒಂಬತ್ತನೇ ತರಗತಿಗೇ ಓದು ಬಿಟ್ಟವರು. ಈಗ ವಯಸ್ಸು ನಲವತ್ತಮೂರು, ಮಂಡಿಗಳಿಗೆ ಮಾತ್ರ ಅರವತ್ತು ದಾಟಿದೆಯಂತೆ. ದಿನಕ್ಕೆ ನಲವತ್ತು ಟೈಲ್ಸ್ ಕೂರಿಸುತ್ತಾರೆ. ಆದರೆ ಪ್ರತಿ ಕೋಣೆಯ ಕೆಲಸ ಬರೆದಿಡುವ ಅಳತೆ ಪಟ್ಟಿಗೆ ಸಹಿ ಮೇಲ್ವಿಚಾರಕರದ್ದು. ಹತ್ತನೇ ತರಗತಿ ಪಾಸಾದವರೇ ಸಹಿ ಹಾಕಬೇಕೆಂಬುದು ಗುತ್ತಿಗೆದಾರರ ನಿಯಮ. ದುಡಿಮೆ ಒಬ್ಬರದು, ಹೆಸರು ಇನ್ನೊಬ್ಬರದು. ಅವರ ಕೆಲಸ ನೋಡಲು ಬಂದ ನನಗೆ ಕೇಳಿಯೇ ಮೈ ಉರಿಯಿತು, ಅವರು ನಕ್ಕರು.

ಅದಕ್ಕೆಂದೇ ಕಳೆದ ವರ್ಷ ಪರೀಕ್ಷೆಗೆ ಕೂತರು. ಗಣಿತದಲ್ಲಿ ಒಂದೇ ಅಂಕಕ್ಕೆ ಫೇಲು! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. x² = 49 ಆದರೆ x ಎಷ್ಟು ಎಂಬ ಪ್ರಶ್ನೆಗೆ ಏಳು ಎಂದಷ್ಟೇ ಉತ್ತರಿಸಿದ್ದರು. ಮೈನಸ್ ಏಳರ ವರ್ಗವೂ ನಲವತ್ತೊಂಬತ್ತೇ ತಾನೆ?

"ಗೊತ್ತಿತ್ತು ಕಣ್ರೀ. ಬರೆದು ಹೊಡೆದುಹಾಕ್ದೆ. ಮೈನಸ್ ಏಳಡಿ ಗೋಡೆ ಎಲ್ಲಾದ್ರೂ ನೋಡಿದೀರಾ?"

ಹೈಸ್ಕೂಲಿನಲ್ಲಿ ಓದುವ ಮಗಳೇ ಗುರು. ಅವಳು ತಲೆ ಚಚ್ಚಿಕೊಂಡಳಂತೆ. "ಅಮ್ಮಾ, ಅಲ್ಲಿ ಗೋಡೆ ಅಂತ ಯಾರು ಹೇಳಿದ್ರು? ಅದು ಬರೀ ಸಂಖ್ಯೆ. ಎರಡೂ ಬರಿ. ಗೋಡೆ ಅಂದಾಗ ಮಾತ್ರ ಮೈನಸ್ ಬಿಡು."

ಅಂದಿನಿಂದ ಪ್ರತಿ ಕೋಣೆಯಲ್ಲೂ ಗಾರೆ ಹಾಕುವ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಲೆಕ್ಕ. ಇಂದಿನದು (x + 3)² = 49. ಎರಡೂ ಕಡೆ ವರ್ಗಮೂಲ ತೆಗೆದು, ಏಳರ ಎಡಕ್ಕೆ ± ಗುರುತನ್ನು ಒತ್ತಿ ಬರೆಯುತ್ತಾರೆ. ಮೂರು ಕಳೆದಾಗ ಒಂದು ಉತ್ತರ ನಾಲ್ಕು, ಇನ್ನೊಂದು ಮೈನಸ್ ಹತ್ತು. ಎರಡನ್ನೂ ತಾಳೆ ನೋಡಿದ ಮೇಲೆಯೇ ಗಾರೆ ಸುರಿಯುತ್ತಾರೆ.

ಸೋಮವಾರ ಮತ್ತೆ ಪರೀಕ್ಷೆ. ಭಯವಿದೆಯೇ ಎಂದು ಕೇಳುತ್ತೇನೆ. ಅವರು ಟೈಲ್ ಕೂರಿಸಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ.

"ಇದೆ. ಆದ್ರೆ ರಿಸಲ್ಟ್ ಬರೋವರೆಗೂ ಈ ಮನೇಲೇ ಕೆಲ್ಸ. ಕೊನೇ ಕೋಣೆ ಪಟ್ಟೀಲಿ ಸಹಿ ಜಾಗ ಖಾಲಿ ಬಿಡಿ ಅಂತ ಮೇಲ್ವಿಚಾರಕರಿಗೆ ಈಗ್ಲೇ ಹೇಳಿಟ್ಟಿದೀನಿ."