ಸುಗುಣಾ ಟೀಚರ್ ಓದದೆ ಕೊಟ್ಟ ಪುಸ್ತಕ

ಅರಸೀಕೆರೆಯ ಆ ಪುಟ್ಟ ಚರ್ಚಿನಲ್ಲಿ ಈಸ್ಟರ್ ಕಳೆದ ಎರಡನೇ ಭಾನುವಾರ ಬಾಗಿಲಿಗೊಂದು ಹಾಳೆ ಅಂಟಿಸುತ್ತಿದ್ದರು. ಎಡಗಡೆ ಸಭೆಯ ಹಿರಿಯರ ಹೆಸರು, ಬಲಗಡೆ ಆ ಬೇಸಿಗೆಯಲ್ಲಿ ಅವರು ಓದಬೇಕಾದ ಪುಸ್ತಕ. ಸಭೆ ನಡೆಸುವವರು ವರ್ಷಕ್ಕೊಂದಾದರೂ ಓದಲಿ ಎಂದು ಹಿಂದಿನ ಸಭಾಪಾಲಕರು ಹಾಕಿಕೊಟ್ಟ ರೂಢಿ ಅದು. ಓದಿದವರು ಜೂನ್ ಮೊದಲ ಭಾನುವಾರ ಎದ್ದು ನಾಲ್ಕು ಮಾತಾಡಬೇಕು. ಹದಿನೆಂಟು ವರ್ಷಗಳಿಂದ ಆ ಪಟ್ಟಿ ಬರೆದವರು ಹೈಸ್ಕೂಲಿನಿಂದ ನಿವೃತ್ತರಾದ ಸುಗುಣಾ ಟೀಚರ್.

ತಾವು ಕೊನೆಯ ಪುಟ ಮುಟ್ಟದ ಪುಸ್ತಕವನ್ನು ಅವರು ಯಾರ ಹೆಸರಿನ ಮುಂದೆಯೂ ಬರೆದವರಲ್ಲ. ಅದು ಸಭೆಗೆಲ್ಲ ಗೊತ್ತಿತ್ತು. ಹಾಗಾಗಿ ಹಾಳೆ ಅಂಟಿಸಿದ ಕೂಡಲೇ ಬಾಗಿಲಲ್ಲಿ ಗುಂಪು.

"ಏನ್ಲಾ, ನಿಂಗೆ 'ನಾಲಿಗೆಗೊಂದು ಕಡಿವಾಣ' ಬಂದೈತೆ! ಟೀಚರ್‌ಗೆ ನಿನ್ ವಿಷ್ಯ ಎಲ್ಲಾ ಗೊತ್ತಾಗೋಗೈತೆ ಕಣೋ."

ಟೀಚರ್ ನಗುತ್ತಿದ್ದರು. ಆ ನಗೆಯಲ್ಲಿ ಚೂರು ಹೆಮ್ಮೆಯೂ ಇತ್ತು.

ಹೋದ ವರ್ಷ ಮಾರ್ಚಿನಲ್ಲಿ ಅವರಿಗೆ ಕಣ್ಣಿನ ಆಪರೇಷನ್ ಆಯಿತು. ಓದಲಾಗಲಿಲ್ಲ. ಅಷ್ಟು ಹೇಳಿ ಒಂದು ವರ್ಷ ಪಟ್ಟಿ ಬಿಡಬಹುದಿತ್ತು. ಬಿಡಲು ಮನಸ್ಸು ಬರಲಿಲ್ಲ. ಚರ್ಚಿನ ಕಪಾಟಿಗೆ ಹೊಸದಾಗಿ ಬಂದ ಪುಸ್ತಕಗಳ ಹೆಸರನ್ನಷ್ಟೇ ಭೂತಗನ್ನಡಿಯಲ್ಲಿ ನೋಡಿ ಹಂಚಿದರು. ಮಾದಿಹಳ್ಳಿಯ ಗಂಗಯ್ಯನವರ ಪಾಲಿಗೆ 'ಕೋಲು ಒಪ್ಪಿಸುವ ಹೊತ್ತು' ಬಂತು. ತೆಳ್ಳನೆಯ ಪುಸ್ತಕ, ದಪ್ಪ ಅಕ್ಷರ. ವಯಸ್ಸಾದವರಿಗೆ ಅನುಕೂಲ ಎಂದಷ್ಟೇ ಟೀಚರ್ ಅಂದುಕೊಂಡದ್ದು.

ಗಂಗಯ್ಯ, ದೀಕ್ಷಾಸ್ನಾನವಾದ ಮೇಲೂ ಅಪ್ಪ ಇಟ್ಟ ಹೆಸರನ್ನೇ ಉಳಿಸಿಕೊಂಡವರು. ಭಾನುವಾರ ಹಳೇಬೀಡಿನಲ್ಲಿ ಬಸ್ಸು ಬದಲಿಸಿ ಅರಸೀಕೆರೆಗೆ ಬರುತ್ತಿದ್ದರು. ಶುಕ್ರವಾರ ಸಂಜೆ ಅವರ ಜಗುಲಿಯ ಮೇಲೆ ಆರು ಮನೆಯವರು ಪ್ರಾರ್ಥನೆಗೆ ಕೂಡುತ್ತಿದ್ದರು. ಡೇರಿಗೆ ಹಾಲು ಹಾಕಿ ಬರುವ ಹೆಂಗಸರಿಗಾಗಿ ಗಂಗಯ್ಯ ಎಷ್ಟು ಹೊತ್ತಾದರೂ ಕಾಯುತ್ತಿದ್ದರು.

ಜೂನ್ ಬಂತು. ಗಂಗಯ್ಯ ಎದ್ದು ನಿಂತರು.

"ಪುಸ್ತಕದ ಮಾತು ನಂಗೆ ತಿಳೀತು. ಹಿರಿತನ ಇವತ್ತಿಗೆ ಬಿಡ್ತೀನಿ. ಹುಡುಗ್ರು ನಡೆಸ್ಲಿ."

ಸಭೆ ಚಪ್ಪಾಳೆ ತಟ್ಟಿತು. ಅವರ ಜಾಗಕ್ಕೆ, ಮಾದಿಹಳ್ಳಿಯ ಶುಕ್ರವಾರದ ಪ್ರಾರ್ಥನೆಯೂ ಸೇರಿ, ಅರಸೀಕೆರೆಯ ಕಿರಣ್‌ನನ್ನು ಆರಿಸಿದರು. "ನಾನು ಆ ಅರ್ಥದಲ್ಲಿ ಕೊಟ್ಟದ್ದಲ್ಲ" ಎಂಬ ಮಾತು ಟೀಚರ್ ಬಾಯಿಯವರೆಗೆ ಬಂತು. ಅದನ್ನು ಹೇಳಿದರೆ ಓದದೆ ಕೊಟ್ಟದ್ದನ್ನೂ ಹೇಳಬೇಕಾಗುತ್ತಿತ್ತು. ಸೆರಗು ಸರಿಮಾಡಿಕೊಂಡು ಕೂತೇ ಇದ್ದರು.

ಕಣ್ಣು ತಿಳಿಯಾದ ಮೇಲೆ, ಆಗಸ್ಟಿನ ಒಂದು ಮೋಡದ ಮಧ್ಯಾಹ್ನ, ಆ ಪುಸ್ತಕ ಓದಿದರು. ಅದರಲ್ಲಿದ್ದದ್ದು ಒಂದೇ ವಿಚಾರ: ಹಿರಿಯನು ಹಿರಿತನದ ಕೋಲು ಕೊಟ್ಟು ಮನೆಗೆ ಹೋಗಿಬಿಡಬಾರದು, ಹೊಸಬನ ಪಕ್ಕದಲ್ಲೇ ಕೆಲವು ವರ್ಷ ನಡೆಯಬೇಕು. ಅಷ್ಟರಲ್ಲಿ ಗಂಗಯ್ಯ ಚರ್ಚಿಗೆ ಬರುವುದನ್ನೇ ನಿಲ್ಲಿಸಿದ್ದರು. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತ ಟೀಚರ್ ಮಾದಿಹಳ್ಳಿಗೆ ಹೋಗುವಷ್ಟರಲ್ಲಿ ಮತ್ತೊಂದು ಏಪ್ರಿಲ್ ಬಂದಿತ್ತು.

ಗಂಗಯ್ಯನ ಹೆಂಡತಿ ಮುತ್ತಮ್ಮ ಮಜ್ಜಿಗೆ ತಂದುಕೊಟ್ಟರು. ಟೀಚರ್ ಲೋಟ ಕೆಳಗಿಟ್ಟು ಕೇಳಿದರು, "ಗಂಗಯ್ಯನೋರೆ, ಆ ಪುಸ್ತಕ ಓದಿದ್ರಾ?"

"ಇಲ್ಲ ಟೀಚರಮ್ಮ. ಬಾಗ್ಲಲ್ಲಿ ಅದರ ಹೆಸ್ರು ನೋಡ್ದೆ. ನೀವು ಓದ್ದೆ ಬರೆಯೋರಲ್ಲ. ನನ್ನಲ್ಲಿ ಏನೋ ಕಂಡೇ ಬರೆದವ್ರೆ ಅಂದ್ಕಂಡೆ. ಇನ್ನು ಓದೋದು ಏನೈತೆ?"

"ನಾನೂ ಓದಿರ್ಲಿಲ್ಲ."

ಮುತ್ತಮ್ಮ ನಕ್ಕುಬಿಟ್ಟರು. "ಚೆನ್ನಾಗೈತೆ ಕಣ್ರೀ! ಕೊಟ್ಟೋರೂ ಓದ್ನಿಲ್ಲ, ಇಸ್ಕಂಡೋರೂ ಓದ್ನಿಲ್ಲ. ಇಬ್ರೂ ಸೇರ್ಕಂಡು ನಮ್ಮ ಶುಕ್ರವಾರನೇ ಮುಗಿಸಿದ್ರಿ."

"ಯಾಕೆ, ಕಿರಣ್ ಬರ್ತಿಲ್ವಾ?"

"ಪಾಪ, ಎರಡು ತಿಂಗ್ಳು ಬಂದ," ಎಂದರು ಮುತ್ತಮ್ಮ. "ಏಳರ ಬಸ್ಸು ತಪ್ಪಿದ್ರೆ ಆ ಹುಡುಗ ಊರು ಸೇರಂಗಿಲ್ಲ. ನಮ್ಮೋರು ಹಾಲು ಹಾಕಿ ಬರೋದೇ ಏಳಕ್ಕೆ. ಹಂಗೇ ನಿಂತೋಯ್ತು."

"ಮತ್ತೆ ನೀವೇ ನಡೆಸಿ ಗಂಗಯ್ಯನೋರೆ. ತಪ್ಪು ನಂದು ಅಂತ ಸಭೇಲಿ ಹೇಳ್ತೀನಿ."

ಗಂಗಯ್ಯ ತಲೆಯಾಡಿಸಿದರು. "ಬ್ಯಾಡಿ. ಕಿರಣನ ಕೈಲಿ ಆಗ್ನಿಲ್ಲ ಅಂತ ಎಲ್ರೂ ಆಡ್ಕಂತಾರೆ. ಅವನ ಮುಖ ಏನಾಗ್ಬೇಕು? ಅವತ್ತೇ ಒಂದು ಮಾತು ಅಂದಿದ್ರೆ ಅಲ್ಲೇ ಕೂತ್ಕಂಬುಡ್ತಿದ್ದೆ."

ಕೋಪವಿಲ್ಲದ ಆ ಮಾತು ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಟೀಚರ್ ಜೊತೆಗಿತ್ತು. ಹೊತ್ತದ್ದನ್ನು ಎಲ್ಲಾದರೂ ಇಳಿಸದೆ ಅವರಿಗೆ ಇರಲಾಗಲಿಲ್ಲ. ಗಂಗಯ್ಯ ಬೇಡವೆಂದದ್ದನ್ನೂ ಮೀರಿ, ಆ ಭಾನುವಾರ ಸಭೆಯಲ್ಲಿ ಎದ್ದು ನಿಂತು, ನಡೆದದ್ದನ್ನೆಲ್ಲ ಹೇಳಿದರು.

"ಅಯ್ಯೋ, ಕಣ್ಣಿನ ಆಪರೇಷನ್ ಅಲ್ವಾ, ಬಿಡಿ ಟೀಚರ್," ಎಂದರು ಯಾರೋ. ಹಿಂದಿನ ಬೆಂಚಿನಲ್ಲಿ ಒಬ್ಬರು ನಕ್ಕರು, "ಅಂದ್ರೆ ನಮ್ಮ ಕಿರಣ್ ಹಿರಿಯ ಆಗಿದ್ದೇ ತಪ್ಪಿನಿಂದ ಅನ್ನಿ!"

ಸಭೆಯೂ ನಕ್ಕಿತು. ಕಿರಣ್ ನಗಲು ನೋಡಿದ, ಆಗಲಿಲ್ಲ. ಪ್ರಾರ್ಥನೆ ಮುಗಿಯುವ ಮೊದಲೇ ಅವನು ಎದ್ದು ಹೊರಗೆ ಹೋದ. ಟೀಚರ್ ಹಿಂದೆಯೇ ಹೋದರು. ಬೇವಿನ ಮರದ ಕೆಳಗೆ ಅವನು ಸೈಕಲ್ಲಿನ ಕೀಲಿ ಹುಡುಕುತ್ತಿದ್ದ. ಟೀಚರ್ ತಾವೂ ಬಗ್ಗಿ, ಉದುರಿದ ಎಲೆಗಳ ನಡುವೆ ಅದನ್ನು ಹುಡುಕತೊಡಗಿದರು.