ರಹ್ಮೂನಾಳ ಜೋಕಾಲಿ

ತ್ಲೆಮ್ಸೆನ್ ಊರಿನಲ್ಲಿ ಮದುಮಗಳ ಅಂಗೈಗೆ ಮೆಹಂದಿ ಬೀಳಬೇಕಾದರೆ ರಹ್ಮೂನಾ ಹಾಡಬೇಕು. ಹಾಡೆಂದರೆ ಒಲವಿನ ಹಾಡೇ. ಹಗಲೆಲ್ಲ ಮಗ್ಗದ ಮುಂದೆ ಕೂತು ಉಣ್ಣೆಯ ಕಂಬಳಿ ನೇಯುವ ಹೆಂಗಸು, ಮದುವೆಮನೆಯಲ್ಲಿ ದರ್ಬುಕ ಎಂಬ ಮಣ್ಣಿನ ಡೋಲನ್ನು ತೊಡೆಗೇರಿಸಿದಳೆಂದರೆ ಬೇರೆಯೇ ಆಗುತ್ತಿದ್ದಳು. ಗಂಡ ತೀರಿಕೊಂಡ ವರ್ಷ ಮೈದುನ ಬಂದು, "ಇನ್ನೂ ಪ್ರೀತಿಯ ಹಾಡು ಯಾಕೆ ಅತ್ತಿಗೆ?" ಎಂದಿದ್ದ. "ಸತ್ತಿದ್ದು ನಿನ್ನಣ್ಣ, ನನ್ನ ಗಂಟಲಲ್ಲ" ಎಂದು ಚಹಾ ಕೊಟ್ಟು ಕಳಿಸಿದ್ದಳು.

ಈಚೆಗೆ ಊರಿನ ಗಾಳಿ ಬದಲಾಗಿತ್ತು. ಕೆಲವು ಮದುವೆಗಳಲ್ಲಿ ಗಂಡಸರು ದೇವರ ಸ್ತುತಿಯೊಂದೇ ಸಾಕೆಂದರು. ಉಳಿದ ಹಾಡುಗಾರ್ತಿಯರು ಹೂಂ ಎಂದು ಒಪ್ಪಿಕೊಂಡರು. ತಾನೂ ಸುಮ್ಮನಾದರೆ ಆ ಹಾಡುಗಳು ಊರು ಬಿಟ್ಟಂತೆಯೇ ಎಂದು ರಹ್ಮೂನಾಗೆ ಗೊತ್ತಿತ್ತು.

ನೆರೆಮನೆಯ ಜೊಹೂರಳ ಮಗಳು ವಹೀಬಾಳ ಮೆಹಂದಿಯ ಮಧ್ಯಾಹ್ನ ರಹ್ಮೂನಾ ದರ್ಬುಕ ಹಿಡಿದು ಅವರ ಮನೆಯ ಹೆಂಗಸರ ನಡುವೆ ಕೂತಿದ್ದಳು. ವಹೀಬಾಳ ಅಣ್ಣ ಗೂತಿ ಅಂಗಳಕ್ಕೆ ಬಂದ. ಹೆಂಗಸರು ತಲೆಯ ಮೇಲೆ ಬಿಳಿ ಹೊದಿಕೆ ಎಳೆದುಕೊಂಡರು.

"ಚಿಕ್ಕಮ್ಮ, ಸ್ತುತಿ ಹಾಡಿ, ಬೇಡ ಅನ್ನಲ್ಲ. ನಲ್ಲ, ಕಣ್ಣು, ಮುತ್ತು ಅವೆಲ್ಲ ನಮ್ಮನೇಲಿ ಬೇಡ."

"ಸ್ತುತೀನೂ ಹಾಡ್ತೀನಪ್ಪ, ಆಮೇಲೆ ಅದನ್ನೂ ಹಾಡ್ತೀನಿ. ನಿನ್ನ ತೊಟ್ಟಿಲು ತೂಗುವಾಗ ನಿಮ್ಮಮ್ಮ ಏನು ಹಾಡ್ತಿದ್ಲು ಅಂದ್ಕೊಂಡೆ?"

ಹೆಂಗಸರು ಕಿಸಕ್ಕೆಂದರು. ಗೂತಿಯ ಕಿವಿ ಕೆಂಪಾಯಿತು. ದರ್ಬುಕವನ್ನೂ ತಮಟೆಗಳನ್ನೂ ಎತ್ತಿ ಕೋಣೆಯಲ್ಲಿಟ್ಟು, ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸಿದ. "ಈಗ ಹಾಡಿ, ನೋಡೋಣ."

ಅವನು ಎಡವಿದ್ದು ಅಲ್ಲೇ. ಗಂಡಸರ ಮೇಳ ಕೇಳಿ ಬೆಳೆದವನಿಗೆ ವಾದ್ಯವಿಲ್ಲದೆ ಹಾಡಿಲ್ಲ. ಆ ಊರಿನ ಹೆಣ್ಣುಮಕ್ಕಳ ಹಾಡು ಹುಟ್ಟಿದ್ದು ವಸಂತದ ತೋಟಗಳಲ್ಲಿ, ಜೋಕಾಲಿಯ ಮೇಲೆ. ಹೋಗಿಬರುವ ಹಗ್ಗವೇ ಅದಕ್ಕೆ ತಾಳ.

ರಹ್ಮೂನಾ ಅಂಗಳದ ಹಿಪ್ಪುನೇರಳೆ ಮರವನ್ನು ನೋಡಿದಳು. "ಬಾವಿ ಹಗ್ಗ ತಗೊಂಬನ್ರೇ."

"ಈ ವಯಸ್ಸಲ್ಲಾ? ಕೊಂಬೆ ಮುರಿದೀತು ಕಣೇ!" ಎಂದಳು ಒಬ್ಬ ಗೆಳತಿ.

"ಮುರಿದ್ರೆ ಗೂತಿ ಮೇಲೇ ಬೀಳ್ತೀನಿ ಬಿಡಿ."

ಹಗ್ಗ ಕಟ್ಟಿದರು. ಕುರಿಚರ್ಮ ಮಡಿಸಿ ಹಾಕಿ ಅವಳು ಕೂತಳು. ತೂಗಲು ಯಾರೂ ಏಳಲಿಲ್ಲ. ಎಲ್ಲರ ಕಣ್ಣೂ ಗೂತಿಯ ಮೇಲೆ. ವಹೀಬಾ ಖಾಲಿ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದ್ದಳು.

ಆಗ ಚಹಾದ ತಟ್ಟೆಯ ಹತ್ತಿರ ಕೂತಿದ್ದ ಜೊಹೂರ ಎದ್ದಳು. ಕೈ ಒರೆಸಿಕೊಂಡು ಜೋಕಾಲಿಯ ಹಿಂದೆ ನಿಂತು, ತೂಗಿದಳು.

"ಅಮ್ಮಾ!"

"ಕೇಳೋಕೆ ಆಗಲ್ವಾ ಮಗನೇ? ಬಾಗಿಲು ಹಾಕ್ಕೊಂಡು ಹೋಗು."

ರಹ್ಮೂನಾ ದನಿ ತೆಗೆದಳು:

ಬಾಗಿಲಿಗೆ ಬೀಗವ ಜಡಿದರು ಅಣ್ಣಂದಿರು
ಗೋಡೆಯ ಆಚೆಯ ಚೆರಿಹೂವ ಕಂಡೆ ನಾ
ಹೆಸರೇನು ಅವನದು ಕೇಳದಿರಿ ಗೆಳತಿಯರೆ
ಹೇಳಿದರೆ ಬಾಯೆಲ್ಲ ಸಿಹಿಯಾದೀತು

ಎರಡನೆಯ ಸಲಕ್ಕೆ ಅಂಗಳವೆಲ್ಲ ದನಿಗೂಡಿಸಿತು. ಯಾರೋ ವಹೀಬಾಳ ಅಂಗೈ ಬಿಡಿಸಿ ಮೆಹಂದಿ ಇಟ್ಟರು. ಜೋಕಾಲಿ ಗೋಡೆಯೆತ್ತರಕ್ಕೆ ಏರಿದಾಗ ರಹ್ಮೂನಾಗೆ ಓಣಿ ಕಂಡಿತು. ಗೂತಿ ಅಲ್ಲಿ ಒಬ್ಬನೇ ನಿಂತಿದ್ದ, ಕೈಯಲ್ಲಿ ಕೀಲಿ.

ಅವನಿಗೂ ಕೇಳಲೆಂದು ಅವಳು ಮೊದಲ ಸಾಲನ್ನೇ ಮತ್ತೆ ಎತ್ತಿಕೊಂಡಳು.